ಒಂದೇ ಬುಟ್ಟಿ ಸೌತೆಕಾಯಿ

"ಅಗಿದು ಹೇಳಿ. ಹಾಗೇ ನುಂಗಿಬಿಟ್ಟು ಹೇಳ್ಬೇಡಿ."

ಚಾಕುವಿನ ತುದಿಯಲ್ಲಿ ಸೌತೆಕಾಯಿಯ ಹೋಳು ಹಿಡಿದು ನಿಂತವನು ಹೊಸಬ. ಆ ಸಂತೆಗೆ ಅವನು ಬಂದ ಮೊದಲ ಭಾನುವಾರ ಅದು. ಎದುರಿಗಿದ್ದವಳಿಗೆ ಮೈಯೆಲ್ಲ ಉರಿದುಹೋಯಿತು. ತಿನ್ನುವುದು ಹೇಗೆಂದು ಅವಳಿಗೆ ಈವರೆಗೆ ಯಾರೂ ಪಾಠ ಹೇಳಿರಲಿಲ್ಲ.

"ನಂಗೆ ಹಲ್ಲಿದೆ," ಎಂದಳು.

"ಕಾಣಿಸ್ತಾ ಇದೆ. ಕೋಪ ಬಂದಾಗ ಇನ್ನೂ ಚೆನ್ನಾಗಿ ಕಾಣ್ಸುತ್ತೆ."

ಹೋಳನ್ನು ಬಾಯಿಗಿಟ್ಟುಕೊಂಡಳು. ಕರುಂ ಎಂದಿತು. ತಣ್ಣಗಿತ್ತು, ನೀರು ತುಂಬಿತ್ತು. ಅಷ್ಟೇ...

"ಚೆನ್ನಾಗಿದೆ."

ಅವನು ಒಮ್ಮೆ ಚಾಕು ನೋಡಿದ, ಒಮ್ಮೆ ಅವಳ ಮುಖ ನೋಡಿದ. ಆಮೇಲೆ ಚಾಕುವನ್ನು ಅಂಗಿಗೆ ಒರೆಸಿದ. ಅವಳು ಅವನ ಬುಟ್ಟಿಗೆ ಹಸಿರು ಪಟ್ಟಿ ಕಟ್ಟಿ ಮುಂದೆ ಹೋದಳು.

ಅದು ಹಳೆಯ ಬಸ್ ಶೆಡ್ಡಿನಲ್ಲಿ ನಡೆಯುವ ಸಂತೆ. ಸುತ್ತಲಿನ ಸಣ್ಣ ತೋಟದವರು ಬೆಳಗ್ಗೆ ಕೊಯ್ದದ್ದನ್ನು ತಾವೇ ಹೊತ್ತು ತಂದು ಮಾರುತ್ತಾರೆ. ಇದನ್ನು ಕಟ್ಟಿ ಬೆಳೆಸಿದವಳು ಅವಳ ಚಿಕ್ಕಮ್ಮ. ಗೇಟು ತೆರೆಯುವ ಮುಂಚೆ ಪ್ರತಿ ಬುಟ್ಟಿಯಿಂದ ಒಂದು ತುಂಡು ತಿಂದು ನೋಡಬೇಕು. ಚೆನ್ನಾಗಿದ್ದರೆ ಮಾತ್ರ ಹಸಿರು ಪಟ್ಟಿ. ಬೆಳೆ ಬೆಳೆದವರ ನಾಲಿಗೆಯನ್ನು ಇಲ್ಲಿ ನಂಬುವಂತಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ಚಿಕ್ಕಮ್ಮನೇ ಮಾಡಿದ ನಿಯಮ ಅದು. ಮೊದಲು ಅವಳೇ ರುಚಿ ನೋಡುತ್ತಿದ್ದಳು. ವಯಸ್ಸಾದ ಮೇಲೆ ಆ ಕೆಲಸ ಮಗಳಂತೆ ಸಾಕಿದ ಇವಳಿಗೆ ಬಂತು. ಸಂತೆಗೆಲ್ಲ ಇವಳು ರುಚಿಯಕ್ಕ.

ಈಗ ಗುಟ್ಟೊಂದನ್ನು ಹೇಳಿಬಿಡುತ್ತೇನೆ, ಹೊಟ್ಟೆಯಲ್ಲಿಟ್ಟುಕೊಂಡು ಕೂರುವ ಜಾತಿ ನನ್ನದಲ್ಲ. ರುಚಿಯಕ್ಕನಿಗೆ ರುಚಿಯೇ ತಿಳಿಯುತ್ತಿರಲಿಲ್ಲ. ಹಿಂದಿನ ಚಳಿಗಾಲದ ಜ್ವರ ಅವಳ ನಾಲಿಗೆಯನ್ನು ಕೊಂದುಹಾಕಿತ್ತು. ಉಪ್ಪೂ ಒಂದೇ, ಸಕ್ಕರೆಯೂ ಒಂದೇ. "ಇನ್ನು ಕಾಯೋದು ಬೇಡಮ್ಮ," ಎಂದು ಡಾಕ್ಟರು ಮೆಲ್ಲಗೆ ಹೇಳಿ ಕಳಿಸಿದ್ದರು.

ಆ ದಿನ ಮನೆಗೆ ಬಂದರೆ ಚಿಕ್ಕಮ್ಮ ಪಕ್ಕದ ಮನೆಯವಳ ಹತ್ತಿರ ಜಂಬ ಕೊಚ್ಚಿಕೊಳ್ಳುತ್ತಿದ್ದಳು. "ನನ್ನ ನಾಲಿಗೆ ಇವಳಿಗೇ ಬಂದಿದೆ ನೋಡಿ. ನಾನು ಸತ್ತ ಮೇಲೂ ಸಂತೆ ನಡೆಯುತ್ತೆ." ಅವಳು ಡಾಕ್ಟರ ಚೀಟಿಯನ್ನು ಅಕ್ಕಿ ಡಬ್ಬದಲ್ಲಿ ಬಚ್ಚಿಟ್ಟಳು.

ಅಂದಿನಿಂದ ಅವಳು ಕಣ್ಣಿನಿಂದ ರುಚಿ ನೋಡತೊಡಗಿದಳು. ಬಣ್ಣ, ಬಿಗಿ, ಕಚ್ಚಿದಾಗಿನ ಸದ್ದು... ಎಲ್ಲಕ್ಕಿಂತ ಹೆಚ್ಚಾಗಿ ತಂದವರ ಮುಖ. ಮನಸ್ಸಿನಲ್ಲಿ ಅಳುಕಿದ್ದವರ ಕಣ್ಣಂಚು ಸಣ್ಣಗೆ ಬಿಗಿಯುತ್ತದೆ. ಅದನ್ನು ಓದಿ ಓದಿ ಅವಳು ಕಾಲ ತಳ್ಳಿದಳು.

ಸೌತೆಕಾಯಿಯವನು ಪ್ರತಿ ಭಾನುವಾರ ಬಂದ. ಪ್ರತಿ ಸಲವೂ ಕೀಟಲೆ. "ಇವತ್ತೂ ಚೆನ್ನಾಗಿದೇನಾ? ಬೇರೆ ಮಾತೇ ಬರಲ್ವಾ ನಿಮಗೆ?"

"ಚೆನ್ನಾಗಿಲ್ಲ ಅನ್ಲಾ?"

"ಬೇಡ ಬೇಡ. ಆ ಒಂದು ಮಾತಿಗೋಸ್ಕರಾನೇ ವಾರವೆಲ್ಲ ನೀರು ಹಾಯಿಸೋದು."

ಅವಳು ನಗುತ್ತಿದ್ದಳು. ರುಚಿಯಿಲ್ಲದ ದಿನಗಳಲ್ಲಿ ಭಾನುವಾರಕ್ಕೆ ಮಾತ್ರ ಏನೋ ಇತ್ತು. ಅದಕ್ಕೆ ಹೆಸರಿಡಲು ಅವಳು ಹೆದರಿದಳು.

ಬಿಸಿಲು ಕಾಯುವ ಒಂದು ವಾರ ಅವನ ತೋಟದ ಪಂಪು ಕೆಟ್ಟಿತು. ನೀರು ತಪ್ಪಿದರೆ ಸೌತೆಕಾಯಿ ಕಹಿಯಾಗುತ್ತದೆ. ಆ ಭಾನುವಾರ ಅವನು ಕೀಟಲೆ ಮಾಡಲಿಲ್ಲ.

"ಈ ವಾರ ನೀರು ಸರಿಯಾಗಿ ಸಿಕ್ಕಿಲ್ಲ ರೀ. ಗಮನವಿಟ್ಟು ನೋಡಿ. ನಿಮ್ಮ ಮೇಲೇ ಬಿಟ್ಟಿದೀನಿ."

ಅವನ ಕಣ್ಣಂಚು ಬಿಗಿದಿತ್ತು. ಅವಳು ಅದನ್ನು ನೋಡಿದಳು, ಆದರೆ ನಂಬಲಿಲ್ಲ. ದಣಿವಿರಬೇಕು ಎಂದುಕೊಂಡಳು. ಇಷ್ಟಪಟ್ಟವರ ಮುಖ ಓದುವಾಗ ಎಲ್ಲರೂ ಮಾಡುವ ತಪ್ಪೇ ಅದು.

"ಚೆನ್ನಾಗಿದೆ," ಎಂದು ಪಟ್ಟಿ ಕಟ್ಟಿದಳು.

ಗೇಟು ತೆರೆದ ಸ್ವಲ್ಪ ಹೊತ್ತಿಗೆ ಕೂಗಾಟ ಶುರುವಾಯಿತು. ಕೊಂಡು ಅಲ್ಲೇ ಕಚ್ಚಿದ ಹೆಂಗಸೊಬ್ಬಳು ತೂ ಎಂದು ಉಗಿದಳು. "ಇದೇನು ಕಹಿ! ಮಕ್ಕಳಿಗೆ ಕೊಡೋ ಪದಾರ್ಥಾನಾ ಇದು?"

ಚಿಕ್ಕಮ್ಮ ಜನರನ್ನು ಸರಿಸಿಕೊಂಡು ಬಂದಳು. ಹಸಿರು ಪಟ್ಟಿ ನೋಡಿದಳು, ಆಮೇಲೆ ಸಾಕುಮಗಳನ್ನು ನೋಡಿದಳು. "ಇದಕ್ಕೆ ಪಟ್ಟಿ ಕಟ್ಟಿದ್ದು ನೀನೇನಾ?"

ಅವಳು ಒಂದು ಹೆಜ್ಜೆ ಹಿಂದೆ ಸರಿದಳು. ಬಾಯಿ ತೆರೆಯುವಷ್ಟರಲ್ಲಿ ಅವನ ದನಿ ಕೇಳಿಸಿತು.

"ಅವರದ್ದೇನೂ ತಪ್ಪಿಲ್ಲಮ್ಮ. ರುಚಿಗೆ ಕೊಟ್ಟಿದ್ದು ಬೇರೆ ಬುಟ್ಟಿಯದು. ಒಳ್ಳೇ ಕಾಯಿ ತಿನ್ನಿಸಿ, ಇದನ್ನ ಮಾರಾಟಕ್ಕಿಟ್ಟೆ."

ಆ ಶೆಡ್ಡಿನಲ್ಲಿ ಅದಕ್ಕಿಂತ ದೊಡ್ಡ ದ್ರೋಹ ಇರಲಿಲ್ಲ.

ಅವಳು ಅವನ ಮಾತನ್ನು ನಂಬಿಬಿಟ್ಟಳು... ನಂಬದೆ ಏನು ಮಾಡುತ್ತಾಳೆ? ತಾನು ತಿಂದ ಹೋಳು ಸಿಹಿಯಿತ್ತೋ ಕಹಿಯಿತ್ತೋ ಅವಳಿಗೇ ಗೊತ್ತಿಲ್ಲ! ಮೊದಲು ಬದುಕಿಕೊಂಡೆ ಎನ್ನಿಸಿತು. ಬೆನ್ನಿಗೇ ಅವನ ಬುಟ್ಟಿಯ ಹಸಿರು ಪಟ್ಟಿ ಕಿತ್ತು ಅವನತ್ತ ಎಸೆದಳು.

"ನಗ್ತಾ ನಗ್ತಾ ಕತ್ತು ಕೊಯ್ದ್ರಲ್ಲ," ಎಂದಳು. "ಇನ್ನೊಮ್ಮೆ ಈ ಕಡೆ ಮುಖ ಹಾಕ್ಬೇಡಿ."

ಅವನು ತಲೆ ತಗ್ಗಿಸಿ ಖಾಲಿ ಚೀಲ ಮಡಚಿದ. "ಆಗ್ಲಿ," ಎಂದಷ್ಟೇ ಹೇಳಿ ಹೊರಟ.

ವಾರಗಳು ಕಳೆದವು. ಅವನ ಜಾಗಕ್ಕೆ ಸೊಪ್ಪಿನವರು ಬಂದರು. ಒಂದು ಭಾನುವಾರ ಸಂತೆ ಮುಗಿದ ಮೇಲೆ, ಮೊಟ್ಟೆ ಮಾರುವ ಅಜ್ಜಿ ಟ್ರೇ ಜೋಡಿಸುತ್ತಾ ರುಚಿಯಕ್ಕನಿಗೆ ಕೇಳುವಂತೆ ಗೊಣಗಿದಳು.

"ಬೇರೆ ಬುಟ್ಟಿಯಂತೆ. ಎಲ್ಲಿತ್ತು ಬೇರೆ ಬುಟ್ಟಿ? ಆವತ್ತು ನನ್ನ ಗಾಡೀಲೇ ಬಂದಿದ್ದ ಕಣೇ ಅವನು. ಒಣಗಿ ಒಣಗಿ ಉಳಿದಿದ್ದೇ ಒಂದು ಬುಟ್ಟಿ. ಯಾಕಂಗೆ ಸುಳ್ಳು ಹೇಳಿದ್ನೋ ಹುಚ್ಚುಮುಂಡೇದು."

ಅವಳ ಕೈಯಲ್ಲಿದ್ದ ಹಸಿರು ಪಟ್ಟಿಗಳು ನೆಲಕ್ಕೆ ಬಿದ್ದವು. ಒಂದೇ ಬುಟ್ಟಿ... ಹಾಗಾದರೆ ತಾನು ತಿಂದದ್ದೂ ಕಹಿಯೇ. ತನಗೆ ರುಚಿ ತಿಳಿಯದೆಂದು ಅವನಿಗೆ ಆಗಲೇ ಗೊತ್ತಾಗಿತ್ತು.

ಅಂದೇ ಅಡುಗೆಮನೆಯಲ್ಲಿ ಚಿಕ್ಕಮ್ಮನ ಮುಂದೆ ಎಲ್ಲವನ್ನೂ ಹೇಳಿದಳು. ಚಿಕ್ಕಮ್ಮ ಸೌಟನ್ನು ಕೆಳಗಿಟ್ಟಳು.

"ಇಷ್ಟು ದಿನ ನಾನು ಮಾಡಿ ಬಡಿಸಿದ್ದೆಲ್ಲ..."

"ಏನೂ ಗೊತ್ತಾಗ್ಲಿಲ್ಲ ಚಿಕ್ಕಮ್ಮ."

"ಚೆನ್ನಾಗಿದೆ ಅಂತಿದ್ಯಲ್ಲೇ," ಎಂದಳು ಚಿಕ್ಕಮ್ಮ. ಅವಳ ದನಿ ಒಡೆಯಿತು. "ಇನ್ಮೇಲೆ ಪಟ್ಟಿ ಕಟ್ಬೇಡ. ಅವನನ್ನ ವಾಪಸ್ ಕರೀಬೇಕು ಅಂದ್ರೆ ಇದನ್ನ ಜನರ ಮುಂದೆ ಹೇಳ್ಬೇಕು. ಹೇಳಿದ್ರೆ ಈ ಪಟ್ಟೀನ ಯಾರು ನಂಬ್ತಾರೆ? ಇದನ್ನೇ ನಂಬಿಕೊಂಡಿರೋ ಉಳಿದ ತೋಟದವರ ಗತಿಯೇನು?"

ಅವಳು ಉಳಿದ ಪಟ್ಟಿಗಳನ್ನು ತಂದು ಚಿಕ್ಕಮ್ಮನ ಮಡಿಲಿಗೆ ಹಾಕಿದಳು.

ಮರುದಿನ ಸಂಜೆ ಅವನ ತೋಟ ಹುಡುಕಿಕೊಂಡು ಹೋದಳು. ಹಂಬುಗಳನ್ನೆಲ್ಲ ಕಿತ್ತು ಗುಡ್ಡೆ ಹಾಕಿತ್ತು. ಅವನು ಚಪ್ಪರದ ಕೋಲುಗಳನ್ನು ಕಟ್ಟು ಕಟ್ಟುತ್ತಿದ್ದ. ಅವಳನ್ನು ಕಂಡು ಎದ್ದು ನಿಂತ.

"ಯಾಕೆ ಸುಳ್ಳು ಹೇಳಿದ್ರಿ?"

"ನಿಮ್ಮ ಚಿಕ್ಕಮ್ಮ ಕೇಳಿದಾಗ ನಿಮ್ಮ ಮುಖ ನೀವು ನೋಡ್ಕೊಂಡಿಲ್ಲ." ಅವನು ಕೈಯ ಮಣ್ಣು ಒರೆಸಿಕೊಂಡ. "ಮೊದಲ ದಿನ ನಿಂಬೆಹಣ್ಣು ಕೊಯ್ದ ಚಾಕುವಲ್ಲೇ ನಿಮಗೆ ಹೋಳು ಕೊಟ್ಟಿದ್ದೆ. ಹುಳಿ ಹುಳಿಯಾಗಿರ್ಬೇಕು. ಹೊಸಬ ಅಂತ ಪಾಪ, ಸಹಿಸಿಕೊಂಡ್ರು ಅಂದ್ಕೊಂಡಿದ್ದೆ. ಕಹಿಗೂ ಚೆನ್ನಾಗಿದೆ ಅಂದ್ರಲ್ಲ, ಆವತ್ತು ಎಲ್ಲಾ ಅರ್ಥ ಆಯ್ತು."

"ಚಿಕ್ಕಮ್ಮಂಗೆ ಎಲ್ಲಾ ಹೇಳಿದೀನಿ. ಆದ್ರೂ..."

"ಗೊತ್ತು. ಅವರಾದ್ರೂ ಏನು ಮಾಡ್ತಾರೆ? ಜಮೀನು ಗುತ್ತಿಗೆಯದು, ಬಿಟ್ಟುಕೊಟ್ಟಾಯ್ತು. ಅಣ್ಣ ಕೋಲ್ಡ್ ಸ್ಟೋರೇಜಲ್ಲಿ ಕೆಲಸ ನೋಡಿದಾನೆ. ದೂರ. ನಾಳೆ ಹೊರಡ್ತೀನಿ."

ನಾಳೆ... ಅವಳು ಗುಡ್ಡೆಯ ಪಕ್ಕ ಕೂತಳು. ಒಣಗಿದ ಎಲೆಗಳ ನಡುವೆ ಕೈಗೆ ಸಿಕ್ಕಿದ್ದು ಒಂದು ಸೊಟ್ಟ ಸೌತೆಕಾಯಿ. ಸುಮ್ಮನೆ ಅವನತ್ತ ಚಾಚಿದಳು. ಅವನು ಪಕ್ಕದಲ್ಲಿ ಕೂತು, ಹೆಚ್ಚಿ, ಒಂದು ಹೋಳು ಬಾಯಿಗೆ ಹಾಕಿಕೊಂಡ.

"ಹೇಗಿದೆ?"

"ಸಿಹಿಯಾಗಿದೆ."

ಅವನ ಕಣ್ಣಂಚು ಬಿಗಿದಿತ್ತು. ಈ ಸಲ ಅವಳು ತಪ್ಪು ಓದಲಿಲ್ಲ.

"ಸುಳ್ಳು."

"ಹೂಂ... ಕಹಿ. ಬಾಯಿಗಿಡೋಕಾಗಲ್ಲ."

"ನಂಗೆ ನಿಜಾನೇ ಹೇಳಿ. ತಿಳ್ಕೊಳ್ಳೋಕೆ ಬೇರೆ ದಾರಿಯಿಲ್ಲ ನಂಗೆ."

ಅವನು ಚಾಕುವನ್ನು ನೆಲದ ಮೇಲಿಟ್ಟ. "ಹಾಗಿದ್ರೆ ಕೇಳಿ. ನೀವಂದ್ರೆ ನಂಗೆ ಜೀವ. ಇನ್ನು ಅದರಿಂದ ಏನೂ ಉಪಯೋಗವಿಲ್ಲ. ಎರಡೂ ನಿಜ."

ಅವಳ ಕಣ್ಣು ತುಂಬಿ ಬಂತು. ಹೋಗಬೇಡಿ ಎನ್ನಲು ಅವನಿಗಿಲ್ಲಿ ನೆಲವಿಲ್ಲ. ಬರುತ್ತೇನೆ ಎನ್ನಲು, ಮನಸ್ಸು ಮುರಿದು ಕೂತ ಚಿಕ್ಕಮ್ಮನನ್ನು ಬಿಡುವಂತಿಲ್ಲ.

"ನಂಗೂ ನೀವಂದ್ರೆ ಅಷ್ಟೇ," ಎಂದಳು. "ಮೊದಲ ದಿನದಿಂದ." ಅವನ ಕೈಯಿಂದ ಮಿಕ್ಕ ಸೌತೆಕಾಯಿ ತೆಗೆದುಕೊಂಡು ಕಚ್ಚಿದಳು. ಕರುಂ ಎಂದಿತು.

"ತಿನ್ಬೇಡಿ ರೀ. ಹೊಟ್ಟೆ ನೋವು ಬರುತ್ತೆ."

"ಬರ್ಲಿ," ಎಂದಳು ಅವಳು, ಅವನ ಭುಜಕ್ಕೆ ತಲೆಯಾನಿಸಿ. "ಅದಾದ್ರೂ ಗೊತ್ತಾಗುತ್ತೆ."