ತೊಳೆಯದ ಜಾಡಿಯ ದೀಪ

ಏಳು ಬೆಟ್ಟ ದಾಟಿದರೆ ಸಿಗುವ ಎಂಟನೆಯ ಬೆಟ್ಟದ ಮೇಲೆ ಇಬ್ಬನಿಪುರ ಎಂಬ ರಾಜ್ಯವಿತ್ತಂತೆ. ಅಲ್ಲಿ ಚನ್ನಾಜಿ, ಬೆಳ್ಳಿ ಎಂಬ ಅಕ್ಕತಂಗಿಯರಿದ್ದರು. ಅವರಮ್ಮ ಹಾಕುತ್ತಿದ್ದ ಮಾವಿನ ಉಪ್ಪಿನಕಾಯಿ ಅರಮನೆಯ ಊಟದೆಲೆಗೂ ಹೋಗುತ್ತಿತ್ತು. ಅಮ್ಮ ತೀರಿಕೊಂಡ ಮೇಲೆ ಉಳಿದದ್ದು ಮೂರು ಖಾಲಿ ಗಾಜಿನ ಜಾಡಿ. ಎರಡನ್ನು ಬೆಳ್ಳಿ ಬೂದಿ ಹಾಕಿ ಉಜ್ಜಿ ತೊಳೆದಿಟ್ಟಳು. ಮೂರನೆಯದನ್ನು ಮುಟ್ಟಲು ಚನ್ನಾಜಿ ಬಿಡಲಿಲ್ಲ. ದಿನಕ್ಕೊಮ್ಮೆ ಅದರ ಮುಚ್ಚಳ ತೆಗೆದು ಮೂಸಿ, ಮತ್ತೆ ಭದ್ರವಾಗಿ ಮುಚ್ಚುತ್ತಿದ್ದಳು.

“ಅಕ್ಕಯ್ಯ, ಒಳಗೆಲ್ಲ ಬರೀ ಖಾರ ಮೆತ್ಕೊಂಡದೆ. ತೊಳ್ದಿಡಬಾರ್ದಾ?”

“ನಿನ್ ಕೆಲ್ಸ ನೀನ್ ನೋಡ್ಕೊಳ್ಳೇ.”

ಆ ವರ್ಷ ಮಾಗಿಯ ಚಳಿಯ ಜೊತೆಗೆ ಗಡಗಡರಾಯನೆಂಬ ಮಾಂತ್ರಿಕನೂ ಬಂದ. ತಾಳೆಮರದುದ್ದ ಮೈ, ಮೈಯೆಲ್ಲ ಮಂಜು. ಸಂಜೆಯಾದರೆ ಸಾಕು, ಊರೂರು ಸುತ್ತಿ ದೀಪ ಊದಿ ಆರಿಸುವುದೇ ಅವನ ಕಸುಬು. ಹೆದರಿ ಎಲ್ಲರೂ ಬಾಗಿಲು ಹಾಕಿಕೊಂಡರೆ ಬೆಳ್ಳಿ ಮಾತ್ರ ಬೀದಿಗೆ ಬಂದು, “ಏನ್ ತಾತ, ಊದೋದ್ ಬಿಟ್ರೆ ಬೇರೆ ಕೆಲ್ಸ ಇಲ್ವಾ?” ಎಂದಳು. ಆ ಹುಡುಗಿಗೆ ಬಾಯಿ ಜಾಸ್ತಿ.

ಮಾಂತ್ರಿಕ ಅವಳನ್ನು ಮುಟ್ಟಿದ. ಬೆಳ್ಳಿ ಮೊಣಕಾಲಿನವರೆಗೆ ಮಂಜುಗಡ್ಡೆಯಾದಳು.

“ಮೂರು ಸಂಜೆ ಕೊಟ್ಟಿದ್ದೇನೆ,” ಎಂದ ಅವನು, ಓಡಿಬಂದ ಚನ್ನಾಜಿಗೆ. “ನನ್ನೆದುರು ಒಂದೇ ಒಂದು ದೀಪ ನಕ್ಷತ್ರ ಮೂಡುವ ತನಕ ಉರಿದರೆ ಇವಳು ಬದುಕಿದಳು. ಇಲ್ಲವಾದರೆ ಮೂರನೆಯ ಸಂಜೆ ಪೂರ್ತಿ ಗಡ್ಡೆ.”

ಹಣತೆ ಅವನ ಒಂದು ಉಸಿರಿಗೂ ತಡೆಯದು. ಮೊದಲ ಸಂಜೆ ಚನ್ನಾಜಿ ಯೋಚಿಸಿ ತೊಳೆದ ಜಾಡಿಯೊಂದನ್ನು ತಂದಳು. ಗಂಜಿ ಬಳಿದು ಹೊರಗೆಲ್ಲ ಜರೀಗಿಡದ ಎಲೆ ಅಂಟಿಸಿ, ತಳಕ್ಕೆ ಕಲ್ಲುಪ್ಪು ಸುರಿದು, ಅದರಲ್ಲಿ ಮೇಣದ ಬತ್ತಿ ನಿಲ್ಲಿಸಿ ಹಚ್ಚಿದಳು. ಎಲೆಯ ನೆರಳು ಗೋಡೆಯ ಮೇಲೆ ಕುಣಿಯಿತು. ಮಾಂತ್ರಿಕ ಬಗ್ಗಿ ಜಾಡಿಯ ಬಾಯಿಂದಲೇ ಊದಿದ. ದೀಪ ಆರಿತು, ಬಿಸಿ ಗಾಜು ಚಟಾರೆಂದು ಬಿರಿಯಿತು. ಬೆಳ್ಳಿ ಸೊಂಟದವರೆಗೆ ಗಡ್ಡೆಯಾದಳು.

ಎರಡನೆಯ ಸಂಜೆ ಎರಡನೆಯ ಜಾಡಿಗೆ ಬಣ್ಣದ ದಾರ ಸುತ್ತಿ ಬತ್ತಿ ಹಚ್ಚಿದಳು. ಊದಲು ದಾರಿಯೇ ಇರಬಾರದೆಂದು ಮುಚ್ಚಳ ಬಿಗಿದಳು. ಉಪ್ಪಿನಕಾಯಿ ಹಾಕುವವರ ಮನೆಯ ಕೈ, ಜಾಡಿ ಎಂದರೆ ಗಾಳಿಯಾಡದಂತೆ ಮುಚ್ಚುವುದೇ ಅದಕ್ಕೆ ಗೊತ್ತು. ಮಾಂತ್ರಿಕ ಊದಲೇ ಇಲ್ಲ, ಕೈಕಟ್ಟಿ ನಿಂತ. ಉಸಿರು ಸಿಗದೆ ದೀಪ ತಾನಾಗಿ ಸತ್ತಿತು. ಗಾಬರಿಯಲ್ಲಿ ಮುಚ್ಚಳ ಎಳೆಯಹೋಗಿ ಜಾಡಿ ಕೈಜಾರಿ ನುಚ್ಚುನೂರಾಯಿತು. ಬೆಳ್ಳಿ ಕತ್ತಿನವರೆಗೆ ಗಡ್ಡೆಯಾದಳು.

ಉಳಿದದ್ದು ಅಮ್ಮನ ವಾಸನೆಯ ಜಾಡಿ. ಚನ್ನಾಜಿ ಬೂದಿ, ತೆಂಗಿನ ನಾರು ಹಿಡಿದು ಕೂತಳು. ಮುಚ್ಚಳ ತೆಗೆದಳು, ಮೂಸಿದಳು, ಅತ್ತಳು. ತೊಳೆಯಲು ಕೈ ಬರಲಿಲ್ಲ. ಹಾಗೇ ಹೊರಮೈಗೆ ಗಂಜಿ ಬಳಿದು, ಪುಡಿಯುಪ್ಪಿನಲ್ಲಿ ಹೊರಳಿಸಿದಳು. ಜಾಡಿ ಮಂಜು ಹಿಡಿದಂತೆ ಮಿನುಗಿತು. ಈ ಸಲ ಮುಚ್ಚಳಕ್ಕೆ ಮೊಳೆಯಿಂದ ತೂತು ಹೊಡೆಯುವುದನ್ನು ಮರೆಯಲಿಲ್ಲ.

ಮೂರನೆಯ ಸಂಜೆ ಒಳಗೆ ಬತ್ತಿ ಹಚ್ಚಿಟ್ಟಳು. ಮಾಂತ್ರಿಕ ಅದನ್ನು ನೋಡಿ ಹಿಗ್ಗಿದ. “ಅರೆ, ನನ್ನ ಮೈಯ ಹಾಗೇ ಇದೆ!” ಎನ್ನುತ್ತ ಮುಚ್ಚಳಕ್ಕೇ ಮುಖ ತಂದ. ಊದಬೇಕಾದರೆ ಮೊದಲು ಉಸಿರು ಎಳೆದುಕೊಳ್ಳಬೇಕಲ್ಲ? ಎಳೆದುಕೊಂಡ. ಬತ್ತಿಯ ಕಾವಿಗೆ ಒಳಗಿನ ಮೆಣಸು, ಸಾಸಿವೆ, ಇಂಗು ಎಲ್ಲ ಸೇರಿ ಘಾಟೆದ್ದಿತ್ತು. ಅದಷ್ಟೂ ಅವನ ಮೂಗಿಗೇರಿತು.

“ಆ... ಆಕ್ಷೀ!” ಅವನು ಹಿಂದಕ್ಕೆ ಬಿದ್ದ. ಒಂದು ಸೀನಿಗೆ ಮೈಮೇಲಿನ ಮಂಜು ಉದುರಿತು. ಎರಡನೆಯದಕ್ಕೆ ಮಂತ್ರಗಳೆಲ್ಲ ಉದುರಿದವು. ಮೂರನೆಯದಕ್ಕೆ ತಾಳೆಮರದುದ್ದದವನು ಮೊಣಕಾಲುದ್ದದ ಮುದುಕನಾದ. ಅಷ್ಟರಲ್ಲಿ ನಕ್ಷತ್ರ ಮೂಡಿತು. ದೀಪ ಉರಿಯುತ್ತಲೇ ಇತ್ತು.

ಬೆಳ್ಳಿಯ ಮೈಯಿಂದ ನೀರು ತೊಟ್ಟಿಕ್ಕಿತು. ಕೈ ಬಿಸಿಯಾಯಿತು, ಕಾಲು ಬಿಸಿಯಾಯಿತು. ಅವಳೂ ಒಮ್ಮೆ ಸೀನಿದಳು. “ಅಕ್ಕಯ್ಯ, ಆ ಜಾಡಿ ತೊಳೀಲೇ ಇಲ್ವೇನೆ?”

“ಇಲ್ಲ ಕಣೇ, ಇಲ್ಲ!” ಚನ್ನಾಜಿ ತಂಗಿಯನ್ನು ತಬ್ಬಿಕೊಂಡು ಅತ್ತಳು, ನಕ್ಕಳು. ಮೂರು ದಿನ ಹಿಡಿದಿದ್ದ ಉಸಿರು ಈಗ ಹೊರಬಂತು.

“ಒಂದ್ ಲೋಟ ಬಿಸಿನೀರು ಸಿಗ್ಬೋದಾ ತಾಯಿ?” ಎಂದ ಮುದುಕ ಮೂಗೊರೆಸಿಕೊಳ್ಳುತ್ತ. ಕೊಟ್ಟರು.

ಬತ್ತಿ ಮುಗಿದ ಮೇಲೆ ಚನ್ನಾಜಿ ಜಾಡಿಗೆ ಮೂಗಿಟ್ಟಳು. ಮೇಣದ ವಾಸನೆ ಬಿಟ್ಟರೆ ಏನೂ ಇರಲಿಲ್ಲ.

ಬೆಳ್ಳಿ ಅವಳ ಹೆಗಲು ಹಿಡಿದಳು. “ಬೇಸ್ಗೆ ಬರ್ಲಿ ಅಕ್ಕಯ್ಯ. ಅಮ್ಮನ್ ಥರಾನೇ ಹಾಕಿ ಮತ್ತೆ ತುಂಬ್ಸೋಣ.”

ತುಂಬಿಸಿದರು. ಮುಂದಿನ ಮಾಗಿಯಲ್ಲಿ ಇಬ್ಬನಿಪುರದ ಮನೆಮನೆಯ ಕಿಟಕಿಯಲ್ಲೂ ಉಪ್ಪು ಮೆತ್ತಿದ ಜಾಡಿಯ ದೀಪ ಉರಿಯಿತು, ಅವುಗಳಲ್ಲಿ ಒಂದು ತೊಳೆಯದ್ದು. ಅವರೆಲ್ಲ ಅಲ್ಲಿ ಬೆಚ್ಚಗಿದ್ದಾರೆ, ನಾವು ಇಲ್ಲಿ ಬೆಚ್ಚಗಿದ್ದೇವೆ.