ತೊಟ್ಟಿ ತುಂಬುವ ಮೊದಲು

ಮಂಗಳವಾರ, ಹದಿನಾಲ್ಕನೇ ತಾರೀಖು, ಬೆಳಿಗ್ಗೆ 8.50ಕ್ಕೆ ಠಾಣೆಗೆ ದೂರು ಬಂತು. ತಂದವನು ಕಟ್ಟುತ್ತಿರುವ ಹೊಸ ಆಸ್ಪತ್ರೆಯ ಸೈಟ್ ಎಂಜಿನಿಯರ್. ಅಂಗಿಗೆ ಇಸ್ತ್ರಿ ಇತ್ತು, ಕಣ್ಣಿಗೆ ನಿದ್ದೆ ಇರಲಿಲ್ಲ. ನೆಲಮಾಳಿಗೆಯ ಪಂಪ್ ಕೋಣೆಯಿಂದ ಒಂದು ವಾಲ್ವ್ ಕಳುವಾಗಿದೆ ಎಂದ.

"ಒಂದೇ ಒಂದು ವಾಲ್ವಾ?" ಮುಖ್ಯಪೇದೆ ಪೆನ್ನು ತಡೆದು ಕೇಳಿದ.

"ಒಂದೇ. ಆದ್ರೆ ಮಧ್ಯಾಹ್ನ ಮೂರರೊಳಗೆ ಹುಡುಕಿಕೊಡಬೇಕು. ಮೂರಕ್ಕೆ ತಾರಸಿ ಮೇಲಿನ ತೊಟ್ಟಿ ತುಂಬಿಸೋದಿದೆ. ಹೊಸ ವಾಲ್ವ್ ಮಾಡಿಸಿ ತರಿಸೋಕೆ ಹದಿನೈದು ದಿನ ಬೇಕು. ಇಪ್ಪತ್ತೆಂಟಕ್ಕೆ ಉದ್ಘಾಟನೆ."

9.15ಕ್ಕೆ FIR ಆಯಿತು. ಹತ್ತಕ್ಕೆ ಮೊದಲೇ ಇನ್ಸ್‌ಪೆಕ್ಟರ್ ಪಂಪ್ ಕೋಣೆಯಲ್ಲಿದ್ದಳು. ಅವಳು ಮಾತು ಕಡಿಮೆಯ ಹೆಂಗಸು. ಮಾತಿನ ಕೊರತೆಯನ್ನು ಮುಖ್ಯಪೇದೆ ತುಂಬಿಕೊಡುತ್ತಿದ್ದ.

ಕೋಣೆಯ ಮೂಲೆಯಲ್ಲಿ ತಾಮ್ರದ ತಂತಿಯ ಆರು ಸುರುಳಿಗಳು ಹಾಗೇ ಬಿದ್ದಿದ್ದವು. ಒಂದನ್ನು ಹೊತ್ತೊಯ್ದು ಮಾರಿದರೂ ಹತ್ತು ವಾಲ್ವ್ ಬರುತ್ತಿತ್ತು.

"ಮದುವೆ ಮನೆಗೆ ನುಗ್ಗಿ ಉಪ್ಪು ಕದ್ದ ಹಾಗಾಯ್ತು ಮೇಡಂ," ಎಂದ ಮುಖ್ಯಪೇದೆ. ಮೂವತ್ತು ವರ್ಷದ ಸರ್ವೀಸಿನಲ್ಲಿ ಕಳ್ಳರ ದಡ್ಡತನ ಕಂಡಾಗೆಲ್ಲ ಅವನಿಗೆ ಸ್ವಂತ ಅಳಿಯ ಕೆಟ್ಟುಹೋದಷ್ಟು ಸಂಕಟವಾಗುತ್ತಿತ್ತು.

ಇನ್ಸ್‌ಪೆಕ್ಟರ್ ಟಾರ್ಚ್ ಹಿಡಿದು ಬಾಗಿದಳು. ವಾಲ್ವ್ ಇದ್ದ ಜಾಗದಲ್ಲಿ ಪೈಪಿನ ಎರಡು ಬಾಯಿಗಳು ಎದುರುಬದುರಾಗಿದ್ದವು. ಎರಡಕ್ಕೂ ದಪ್ಪ ಪ್ಲಾಸ್ಟಿಕ್ ಹೊದಿಸಿ ಮೂರು ಸುತ್ತು ತಂತಿ ಬಿಗಿದಿತ್ತು. ಬಿಚ್ಚಿದ ಬೋಲ್ಟುಗಳು ಎಲ್ಲೂ ಉರುಳಿರಲಿಲ್ಲ. ಎಲ್ಲವನ್ನೂ ಅವುಗಳ ತೂತಿನಲ್ಲೇ ಸಿಕ್ಕಿಸಿ, ನಟ್ಟು ಎರಡು ಸುತ್ತು ತಿರುಗಿಸಿ, ಗ್ರೀಸ್ ಸವರಿತ್ತು.

"ಕದ್ದವನು ಮನೆ ಗುಡಿಸಿಟ್ಟು ಹೋಗಿದ್ದಾನೆ," ಎಂದಳು.

ಲಿಫ್ಟ್ ಮೆಕ್ಯಾನಿಕ್ ಮತ್ತು ಎಲೆಕ್ಟ್ರಿಷಿಯನ್ ಪಂಚರಾಗಿ ಸಾಕ್ಷಿ ನಿಂತರು. ಪಂಚನಾಮೆ 10.40ಕ್ಕೆ ಮುಗಿಯಿತು. ಬೋಲ್ಟು ಎಂಟು ಎಂದು ಬರೆದಲ್ಲಿ, ಅವುಗಳಿಗೆ ಗ್ರೀಸ್ ಸವರಿದ್ದನ್ನೂ ಸೇರಿಸಲು ಇನ್ಸ್‌ಪೆಕ್ಟರ್ ಹೇಳಿದಳು.

ಸೈಟ್ ಆಫೀಸು ಎಂದರೆ ತಗಡಿನ ಶೆಡ್ಡು. ಒಂದು ಗೋಡೆ ಪೂರ್ತಿ ಕೆಲಸದ ಪಟ. ಒಂದೊಂದು ಕೆಲಸಕ್ಕೆ ಒಂದೊಂದು ಕಾಗದದ ಪಟ್ಟಿ, ಪಟ್ಟಿಗೆ ಗುಂಡುಪಿನ್ನು, ಪಿನ್ನಿನಿಂದ ಪಿನ್ನಿಗೆ ಕೆಂಪು ದಾರ.

"ದಾರ ಯಾಕೆ?" ಇನ್ಸ್‌ಪೆಕ್ಟರ್ ಕೇಳಿದಳು.

ಎಂಜಿನಿಯರನಿಗೆ ಆ ಪ್ರಶ್ನೆಯಿಂದ ಜೀವ ಬಂತು. "ಇದು ಮುಗಿಯದೆ ಅದು ಶುರುವಾಗೋ ಹಾಗಿಲ್ಲ ಅಂತ ತೋರಿಸೋಕೆ. ಗಾರೆ ಒಣಗದೆ ಬಣ್ಣ ಹೊಡೆಯೋ ಹಾಗಿಲ್ಲ. ಪೈಪಿನ ಪರೀಕ್ಷೆ ಆಗದೆ ಒಳಸೂರು, ಅಂದ್ರೆ ಫಾಲ್ಸ್ ಸೀಲಿಂಗ್, ಮುಚ್ಚೋ ಹಾಗಿಲ್ಲ. ದಾರ ಇಲ್ಲದ ಕೆಲಸ ಯಾವಾಗ ಬೇಕಾದ್ರೂ ಮಾಡಬಹುದು. ದಾರ ಇದ್ರೆ ಕಾಯಬೇಕು."

"ವಾಲ್ವ್ ಇಲ್ಲದಿದ್ರೆ?"

"ಏರಿಸಿದ ನೀರು ಹಿಂದಕ್ಕೆ ಬೀಳದ ಹಾಗೆ ತಡೆಯೋದೇ ಅದು. ಅದಿಲ್ಲದೆ ಓಡಿಸಿದ್ರೆ ಪಂಪೇ ಒಡೆಯುತ್ತೆ. ಪಂಪಿಲ್ಲದೆ ತೊಟ್ಟಿ ತುಂಬಲ್ಲ. ತೊಟ್ಟಿ ತುಂಬದೆ ಪರೀಕ್ಷೆ ಇಲ್ಲ."

ಇನ್ಸ್‌ಪೆಕ್ಟರ್ ಬೆರಳಿನಿಂದ ದಾರ ಹಿಡಿದು ಹೊರಟಳು. ಪಂಪ್, ತೊಟ್ಟಿ, ಪರೀಕ್ಷೆ, ಒಳಸೂರು, ದೀಪ, ಉದ್ಘಾಟನೆ. ಇಡೀ ಸಾಲು ಒಂದು ಕಬ್ಬಿಣದ ತುಂಡಿಗೆ ಜೋತುಬಿದ್ದಿತ್ತು. ತಾಮ್ರ ಕದ್ದಿದ್ದರೆ ಒಂದು ಕೆಲಸ ನಿಲ್ಲುತ್ತಿತ್ತು. ವಾಲ್ವ್ ಕದ್ದದ್ದರಿಂದ ಎಲ್ಲವೂ ನಿಂತಿದೆ. ಕಳ್ಳನಿಗೆ ಬೇಕಾಗಿದ್ದದ್ದು ಹದಿನೈದು ದಿನ.

ಅವಳ ಬೆರಳು ಹಿಂದಕ್ಕೆ ಬಂದು 'ತೊಟ್ಟಿ ತುಂಬುವುದು' ಎಂಬ ಪಟ್ಟಿಯ ಮೇಲೆ ನಿಂತಿತು. ಅಲ್ಲಿ ಪಿನ್ನು ಒಂದಿತ್ತು, ತೂತು ಎರಡಿದ್ದವು. ಖಾಲಿ ತೂತಿನಲ್ಲಿ ಕೆಂಪು ನೂಲಿನ ಒಂದು ಎಳೆ ಸಿಕ್ಕಿಕೊಂಡಿತ್ತು. ಅಂಥದೇ ಖಾಲಿ ತೂತು ಮೂರು ಪಟ್ಟಿ ಮೇಲೆ, 'ತಾರಸಿ ಸ್ಲ್ಯಾಬ್ ಗಟ್ಟಿಯಾಗಲು 28 ದಿನ' ಎಂಬಲ್ಲಿಯೂ ಇತ್ತು.

"ಇಲ್ಲೊಂದು ದಾರ ಇತ್ತಲ್ಲ?"

"ಹಳೇ ಪಟ. ತಿದ್ದಿದೀವಿ," ಎಂದು ಎಂಜಿನಿಯರ್ ಕಿಟಕಿಯತ್ತ ನೋಡಿದ. "ತಾರೀಖು ಮೇಲಿನಿಂದ ಬರುತ್ತೆ ಮೇಡಂ. ನಾವು ಹೇಗಾದ್ರೂ ಹೊಂದಿಸಬೇಕು."

"ಸ್ಲ್ಯಾಬ್ ಹಾಕಿದ್ದು ಯಾವಾಗ?"

"ಎರಡನೇ ತಾರೀಖು."

ಮುಖ್ಯಪೇದೆ ಬೆರಳು ಮಡಚಿ ಎಣಿಸಿದ. ಹನ್ನೆರಡು ದಿನ.

12.20ಕ್ಕೆ ಎಂಜಿನಿಯರನ್ನು ಹೊರಗೆ ಕಳಿಸಿ ಕೊಳಾಯಿ ಕೆಲಸದ ಮುಖ್ಯಸ್ಥನನ್ನು ಕರೆಸಿದರು. ವಯಸ್ಸು ಐವತ್ತೈದರ ಆಸುಪಾಸು. ಸೈಟಿನಲ್ಲಿ ಎಲ್ಲರಿಗೂ ಅವನು ಪೈಪಣ್ಣ. ಕುರ್ಚಿ ಕೊಟ್ಟರೂ ಕೂರಲಿಲ್ಲ.

"ಪಂಪ್ ಕೋಣೆಯ ಕೀಲಿ ಯಾರ ಹತ್ರ?"

"ಬೀಗವೇ ಇಲ್ಲ."

"ನಿನ್ನೆ ಕೊನೆಗೆ ಹೊರಟದ್ದು ಯಾರು?"

"ನೆನಪಿಲ್ಲ."

"ಪೈಪಿನ ಬಾಯಿ ಯಾಕೆ ಕಟ್ಟಿದ್ದೀರಿ?"

"ಧೂಳು ಹೋಗುತ್ತಲ್ಲ ಮೇಡಂ," ಎಂದ ಪೈಪಣ್ಣ. ಮಾತು ಆಡಿಯಾದ ಮೇಲೆ ಅದು ಅವನಿಗೇ ಕೇಳಿಸಿತು. ಮೆಲ್ಲಗೆ ಕುರ್ಚಿಯಲ್ಲಿ ಕೂತ.

"ಮೂವತ್ತೈದು ವರ್ಷದ ಕೈ," ಎಂದ ಮುಖ್ಯಪೇದೆ, ಸ್ವಲ್ಪ ಗೌರವದಿಂದಲೇ. "ಕಳ್ಳತನಕ್ಕೂ ಅಚ್ಚುಕಟ್ಟು."

"ಗಂಟೆ ಎಷ್ಟು?" ಪೈಪಣ್ಣ ಕೇಳಿದ.

"ಹನ್ನೆರಡೂ ಮುಕ್ಕಾಲು."

"ವಾಲ್ವ್ ಕೊಡ್ತೀನಿ. ಆದ್ರೆ ಇವತ್ತು ಬೇಡ. ನನ್ನನ್ನ ಒಳಗೆ ಹಾಕಿ, ಹೊಡೀರಿ, ಏನಾದ್ರೂ ಮಾಡಿ. ವಾಲ್ವ್ ಮಾತ್ರ ಅವರ ಕೈಗೆ ಕೊಡಬೇಡಿ." ಅವನು ತಾರಸಿಯ ಕಡೆ ಕೈ ತೋರಿಸಿದ. "ಅರವತ್ತು ಸಾವಿರ ಲೀಟರಿನ ತೊಟ್ಟಿ. ತುಂಬಿದ್ರೆ ನೀರೇ ಅರವತ್ತು ಟನ್. ಕೆಳಗಿನ ಸ್ಲ್ಯಾಬ್ ಇನ್ನೂ ಹಸೀದು. ಬಣ್ಣ ಹೊಡೆಯೋಕೆ ಜಾಗ ಬೇಕು ಅಂತ ಸ್ಲ್ಯಾಬಿಗೆ ಕೊಟ್ಟಿದ್ದ ಆಧಾರದ ಕಂಬಾನೂ ಮೊನ್ನೆ ತೆಗೆಸಿಬಿಟ್ರು. ಅದರ ಅಡೀಲಿರೋ ವಾರ್ಡಿನಲ್ಲಿ ಎಂಟು ಜನ ಬಣ್ಣದೋರು ಇದಾರೆ. ಒಬ್ಬಳು ನನ್ನ ತಮ್ಮನ ಹೆಂಡತಿ."

"ಅರವತ್ತು ಟನ್ ಅಂದ್ರೆ ಹದಿನೈದು ಆನೆ," ಎಂದ ಮುಖ್ಯಪೇದೆ. ಈ ಸಲ ಅದು ತಮಾಷೆಯಾಗಿರಲಿಲ್ಲ.

"ಎಂಜಿನಿಯರಿಗೆ ಹೇಳಲಿಲ್ವಾ?" ಇನ್ಸ್‌ಪೆಕ್ಟರ್ ಕೇಳಿದಳು.

"ಮೂರು ಸಲ ಹೇಳಿದೆ. ಪೈಪಿನವನು ಪೈಪು ನೋಡ್ಕೋ ಅಂದ್ರು. ನಾನು ಮಾಡಲ್ಲ ಅಂದ್ರೆ ಇನ್ನೊಬ್ಬ ಬರ್ತಾನೆ. ವಾಲ್ವೇ ಇಲ್ಲದಿದ್ರೆ ಯಾರು ಬಂದ್ರೂ ಆಗಲ್ಲ. ಹೊಸದು ಬಂದು ಜೋಡಿಸೋ ಹೊತ್ತಿಗೆ ಸ್ಲ್ಯಾಬಿಗೂ ಇಪ್ಪತ್ತೆಂಟು ದಿನ ತುಂಬುತ್ತೆ."

ವಾಲ್ವ್ ಸಿಕ್ಕಿದ್ದು ತಾರಸಿಯ ಮೇಲೆ, ಖಾಲಿ ತೊಟ್ಟಿಯ ಒಳಗೆ, ಗೋಣಿಚೀಲದಲ್ಲಿ. ಜಪ್ತಿ ಪಂಚನಾಮೆಯ ಸಮಯ 1.25. ಇಳಿಯುವಾಗ ಇನ್ಸ್‌ಪೆಕ್ಟರ್ ವಾರ್ಡಿನ ಬಾಗಿಲಲ್ಲಿ ನಿಂತು ಎಂಟೂ ಜನರನ್ನು ಹೊರಗೆ ಕರೆದಳು. ಏಣಿಯ ಮೇಲಿದ್ದ ಹೆಂಗಸೊಬ್ಬಳು ಬ್ರಷ್ಷು ಬಿಡಲಿಲ್ಲ.

"ಅರ್ಧ ಗೋಡೆಗೆ ಬಿಟ್ಟುಬಂದ್ರೆ ಗೆರೆ ಬೀಳುತ್ತೆ ಮೇಡಂ. ಆಮೇಲೆ ಬೈಸಿಕೊಳ್ಳೋಳು ನಾನು."

"ಗೆರೆ ಬೀಳಲಿ. ಇಳೀಮ್ಮಾ."

ಅಷ್ಟರಲ್ಲಿ ಎಂಜಿನಿಯರ್ ಏದುಸಿರು ಬಿಡುತ್ತ ಬಂದ. "ಸಿಕ್ತಂತೆ! ದೊಡ್ಡ ಉಪಕಾರ. ಕೊಡಿ, ಜೋಡಿಸೋಕೆ ಒಂದು ಗಂಟೆ ಸಾಕು."

"ಇದು ಈಗ ಮುದ್ದೆಮಾಲು, ಕೇಸಿನ ಸಾಕ್ಷ್ಯ," ಎಂದಳು ಇನ್ಸ್‌ಪೆಕ್ಟರ್. "ಮೊದಲು ಠಾಣೆಯ ಪುಸ್ತಕಕ್ಕೆ ಏರಬೇಕು. ಆಮೇಲೆ ನ್ಯಾಯಾಲಯಕ್ಕೆ ವರದಿ. ಆಮೇಲೆ ನಿಮ್ಮ ಅರ್ಜಿ. ಅದರ ಮೇಲೆ ಆದೇಶ. ಆಮೇಲೆ ವಾಲ್ವ್."

"ಅದಕ್ಕೆಲ್ಲ ವಾರಗಟ್ಟಲೆ ಆಗುತ್ತೆ! ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ ಮೇಡಂ."

"ಒಂದು ಮುಗಿಯದೆ ಇನ್ನೊಂದು ಶುರುವಾಗಲ್ಲ. ನೀವೇ ಹೇಳಿಕೊಟ್ರಲ್ಲ. ನಮ್ಮ ಪಟದಲ್ಲಿ ದಾರ ಕೀಳೋ ಹಾಗಿಲ್ಲ."

ಕಟ್ಟಡ ಸುರಕ್ಷತಾ ಇಲಾಖೆಗೆ 1.50ಕ್ಕೆ ಫೋನು ಹೋಯಿತು.

ಮೂರು ಗಂಟೆಗೆ ಎಂಟು ಜನ ಬಣ್ಣದವರು ಹೊರಗೆ ಮರಳಿನ ಗುಡ್ಡೆಯ ನೆರಳಲ್ಲಿ ಕೂತು ಬುತ್ತಿ ಬಿಚ್ಚಿದ್ದರು. ಯಾರೋ ನಕ್ಕರು. ಏಣಿಯ ಹೆಂಗಸು ಬ್ರಷ್ಷು ಒಣಗಿತೆಂದು ಗೊಣಗುತ್ತಿದ್ದಳು. ಇನ್ಸ್‌ಪೆಕ್ಟರ್ ಗಡಿಯಾರ ನೋಡಿದಳು. ಮೂರು ಐದಾಯಿತು, ಮೂರು ಹತ್ತಾಯಿತು. ಏನೂ ಆಗಲಿಲ್ಲ. ಆಗಲೇ ಅವಳು ನೀರು ಕೇಳಿ ಕುಡಿದಳು.

4.10ಕ್ಕೆ ಪೈಪಣ್ಣನ ಬಂಧನವಾಯಿತು. ಬೇಡಿ ಹಾಕಲಿಲ್ಲ. ಜೀಪಿನಲ್ಲಿ ಮುಖ್ಯಪೇದೆ ಅವನಿಗೆ ಕಿಟಕಿ ಪಕ್ಕದ ಜಾಗ ಬಿಟ್ಟುಕೊಟ್ಟ.

ಹೇಳಿಕೆ ಬರೆಯುವಾಗ ಉಳಿದದ್ದು ಹೊರಬಂತು. ಒಂಬತ್ತು ವರ್ಷದ ಹಿಂದೆ, ಬೇರೊಂದು ಕಟ್ಟಡದಲ್ಲಿ, ಇಂಥದೇ ತೊಟ್ಟಿ. ಆಗಲೂ ದಿನ ತುಂಬಿರಲಿಲ್ಲ, ಆಗಲೂ ಅವಸರ. ಸ್ಲ್ಯಾಬ್ ಕುಸಿದು ಸತ್ತವನು, ಕೆಳಗೆ ಪೈಪು ಹಿಡಿದು ನಿಂತಿದ್ದ ಅವನ ತಮ್ಮ. "ಪಂಪಿನ ಸ್ವಿಚ್ ಒತ್ತಿದ್ದು ನಾನೇ," ಎಂದ ಪೈಪಣ್ಣ. "ಹಾಕು ಅಂದ್ರು, ಹಾಕಿದೆ. ತಮ್ಮನ ಹೆಂಡತಿಗೆ ಇದು ಗೊತ್ತಿಲ್ಲ. ಬರೀಲೇಬೇಕಾ?"

ಬರೆಯಲೇಬೇಕಿತ್ತು.

ಬುಧವಾರ ಪರೀಕ್ಷಾಲಯದಿಂದ ವರದಿ ಬಂತು. ಸ್ಲ್ಯಾಬಿನ ಕಾಂಕ್ರೀಟಿನಿಂದ ಮಾಡಿಟ್ಟ ಮಾದರಿಗಳು ಬೇಕಾದ ಭಾರದ ಅರ್ಧಕ್ಕೇ ಒಡೆದಿದ್ದವು. ಕಂಬಗಳು ಮತ್ತೆ ನಿಂತವು. ಜೀವಕ್ಕೆ ಅಪಾಯ ತಂದ ಬಗ್ಗೆ ಎಂಜಿನಿಯರನ ಮೇಲೆ ಎರಡನೇ FIR ದಾಖಲಾಯಿತು. ಅಂದು ಮಧ್ಯಾಹ್ನವೇ ಪೈಪಣ್ಣನಿಗೆ ಜಾಮೀನು ಸಿಕ್ಕಿತು.

ಸಂಜೆ ಜಾಮೀನು ಪತ್ರಕ್ಕೆ ಸಹಿ ಹಾಕಲು ಠಾಣೆಗೆ ಬಂದವಳು ಅದೇ ಏಣಿಯ ಹೆಂಗಸು, ತಮ್ಮನ ಹೆಂಡತಿ. ಉಗುರಿನ ಸಂದಿಯಲ್ಲಿ ಇನ್ನೂ ಬಿಳಿ ಬಣ್ಣವಿತ್ತು. ಕಾಗದದ ಜೊತೆಗಿದ್ದ ಹೇಳಿಕೆಯನ್ನು ಕೊನೆಯ ಸಾಲಿನ ತನಕ ಓದಿದಳು. ಪೈಪಣ್ಣ ಗೋಡೆಗೆ ಮುಖ ಮಾಡಿ ನಿಂತಿದ್ದ.

"ಇದನ್ನ ಹೇಳೋಕೆ ಜೈಲಿಗೆ ಬರಬೇಕಿತ್ತಾ ಭಾವ?" ಎಂದಳು. ಆಮೇಲೆ ಇನ್ಸ್‌ಪೆಕ್ಟರ್ ಕಡೆ ತಿರುಗಿದಳು. "ಒಂಬತ್ತು ವರ್ಷದಿಂದ ನಮ್ಮ ಮನೆಗೆ ಬಂದು ಹೋಗ್ತಾರೆ ಮೇಡಂ. ನಲ್ಲಿ ಸರಿಮಾಡ್ತಾರೆ, ಬಾಗಿಲು ಸರಿಮಾಡ್ತಾರೆ. ಒಂದು ದಿನ ಒಂದು ಲೈಟಿನ ಸ್ವಿಚ್ ಮುಟ್ಟಿಲ್ಲ. ಕತ್ತಲಲ್ಲೇ ಕೂತಿರ್ತಾರೆ, ನಾನು ಬಂದು ಹಾಕಬೇಕು. ನನಗೇನು ಗೊತ್ತಾಗಲ್ವಾ?"

ಮುಖ್ಯಪೇದೆ ಜಾಮೀನು ಪತ್ರವನ್ನು ಅವಳ ಮುಂದೆ ಸರಿಸಿದ.

ಅವಳು ಪೆನ್ನು ಎತ್ತಿಕೊಂಡು ಕಾಗದದ ಮೇಲೆ ಬಾಗಿದಳು. ಹೊರಗೆ ಬೆಳಕು ಇಳಿಯುತ್ತಿತ್ತು.

"ಸಹಿ ಎಲ್ಲಿ ಹಾಕಬೇಕೋ ಕಾಣ್ತಿಲ್ಲ. ಲೈಟ್ ಹಾಕಿ ಭಾವ."

ಸ್ವಿಚ್ಚು ಅವನ ಭುಜದ ಪಕ್ಕದಲ್ಲೇ ಇತ್ತು. ಅವನು ಬಹಳ ಹೊತ್ತು ಅದನ್ನು ನೋಡಿದ. ಆಮೇಲೆ ಒತ್ತಿದ.

ಕೋಣೆ ಬೆಳಗಿತು. ಅವಳು ಸಹಿ ಹಾಕಿದಳು. ಇನ್ಸ್‌ಪೆಕ್ಟರ್ ದಿನಚರಿಯಲ್ಲಿ ಸಮಯ ಬರೆದಳು, 6.10.