ಹರತಾಳದ ಐತವಾರ

“ನಾಳೆ ನಿಮ್ಮ ಚರ್ಚಿನ ಗಂಟಿ ಬಾರಿಸಿದ್ರ ನಿನ್ನ ಕೂಡ ಟೂ! ಜನ್ಮದಾಗ ಮಾತಾಡಂಗಿಲ್ಲ!”

ಸುಹಾಸಿನಿ ನಡುದಾರಿಯಲ್ಲೇ ಕಿರುಬೆರಳು ಚಾಚಿ ನಿಂತಳು. ಶನಿವಾರದ ಸಾಲಿ ಬಿಟ್ಟು ಗೆಳತಿಯರಿಬ್ಬರೂ ಮನೆಗೆ ಹೊರಟಿದ್ದರು.

“ನಾಳೆ ಐತಾರ. ಐತಾರ ಗಂಟಿ ಬಾರಿಸೂದ ಅಲ್ಲೇನ?” ಎಂದಳು ಸಲೋಮಿ.

“ನಾಳೆ ಊರಿಗೂರ ಹರತಾಳ ಅದ. ಅಂಗಡಿ ಬಂದ್, ಟಾಂಗಾ ಬಂದ್. ಒಂದು ಸಪ್ಪಳ ಆಗಬಾರದಂತ. ನಮ್ಮ ಅಣ್ಣನಂಥಾವರನ್ನ ಜೇಲಿಗೆ ಹಾಕ್ಯಾರಲ್ಲ, ಅದಕ್ಕ! ನೀವಷ್ಟ ಗಂಟಿ ಬಾರಿಸಿದ್ರ ಸಾಲ್ಯಾಗ ಹುಡುಗ್ಯಾರು ಅನ್ನೂದು ಖರೇ ಆಗ್ತದ.”

“ಏನಂತಾರ?”

“ನಿಮ್ಮ ದೇವರು ಬಿಳೇ ಮಂದಿ ದೇವರಂತ.”

ಅದು ೧೯೪೨ನೇ ಇಸವಿಯ ಮಳೆಗಾಲ. ಬ್ರಿಟಿಷರು ದೇಶ ಬಿಟ್ಟು ಹೋಗಲಿ ಎಂಬ ಕೂಗು ಧಾರವಾಡದ ಓಣಿ ಓಣಿಯಲ್ಲೂ ಎದ್ದಿತ್ತು. ಸುಹಾಸಿನಿಯ ಅಣ್ಣ ರಮಾಕಾಂತ ಕಾಲೇಜು ಬಿಟ್ಟು ಮೆರವಣಿಗೆಗೆ ಹೋಗಿದ್ದ. ಪೊಲೀಸರು ಅವನನ್ನು ಬೆಳಗಾವಿಯ ಜೇಲಿಗೆ ಒಯ್ದಿದ್ದರು.

ಆದರೆ ಚರ್ಚಿನ ಪಾದ್ರಿಯನ್ನೂ ಸರಕಾರ ಒಯ್ದಿತ್ತಲ್ಲ! ಅವರು ಜರ್ಮನಿಯವರು. ಯುದ್ಧ ಶುರುವಾದ ಮೇಲೆ ಬಿಳಿಯ ಸರಕಾರವೇ ಆ ಬಿಳಿಯ ಪಾದ್ರಿಯನ್ನು ಹಿಡಿದು ದೂರದ ಕ್ಯಾಂಪಿನಲ್ಲಿ ಇಟ್ಟಿತ್ತು. ಅಂದಿನಿಂದ ಸಭೆ ನಡೆಸುತ್ತಿದ್ದವನು ಸಲೋಮಿಯ ಅಪ್ಪ ಬೆನ್ಯಾಮೀನ. ಅವನು ಇದೇ ಊರಿನ ನೇಕಾರನ ಮಗ.

ಇದನ್ನೆಲ್ಲ ಸಲೋಮಿ ಹೇಳಬೇಕೆನ್ನುವಷ್ಟರಲ್ಲಿ ಸುಹಾಸಿನಿ ಪಾಟಿಚೀಲ ಕುಣಿಸುತ್ತ ಓಡಿಬಿಟ್ಟಿದ್ದಳು.

ಮನೆಗೆ ಬಂದರೆ ಪಡಸಾಲೆಯ ಕುರ್ಚಿಯಲ್ಲಿ ಪೊಲೀಸ ಚೌಕಿಯ ಫೌಜದಾರರು ಕೂತಿದ್ದರು. ಅಪ್ಪ ನಿಂತಿದ್ದ.

“ನಾಳೆ ಗಂಟಿ ಜೋರಾಗಿ ಬಾರಿಸ್ರಿ ಅಯ್ಯನವರ. ಊರಿಗೆಲ್ಲಾ ಕೇಳಬೇಕು. ಸರಕಾರಕ್ಕ ಸಂತೋಷ ಆಗತೈತಿ” ಎಂದರು ಫೌಜದಾರರು. “ಆದ್ರ ಜೇಲಿನಾಗ ಇದ್ದವರ ಸುದ್ದಿ ನಿಮ್ಮ ಪ್ರಾರ್ಥನ್ಯಾಗ ಬರಬಾರದು.”

“ಗಂಟಿ ಪ್ರತಿ ಐತಾರ ಬಾರಿಸಿದಂಗ ಬಾರಿಸ್ತೇನ್ರಿ. ಜೋರೂ ಇಲ್ಲ, ಸಣ್ಣಗೂ ಇಲ್ಲ. ಇನ್ನ ಪ್ರಾರ್ಥನಿ ನಾವು ದೇವರಿಗೆ ಮಾಡೂದ್ರಿ” ಎಂದ ಅಪ್ಪ.

ಫೌಜದಾರರು ಮುಖ ಗಂಟಿಕ್ಕಿಕೊಂಡು ಎದ್ದು ಹೋದರು.

ಸಲೋಮಿ ಅಪ್ಪನ ಧೋತರ ಹಿಡಿದಳು. “ಅಪ್ಪಾ, ನಾಳೆ ಒಂದಿನ ಗಂಟಿ ಬ್ಯಾಡ. ಸುಹಾಸಿನಿ ಟೂ ಬಿಡತಾಳ. ಸಾಲ್ಯಾಗ ಎಲ್ಲಾರೂ ನಗತಾರ.”

“ಗಂಟಿ ಬಾರಿಸೂದು ಊರಿನ ಮ್ಯಾಲಿನ ಸಿಟ್ಟಿಗಲ್ಲವಾ. ಆರಾಧನಿ ಐತಿ, ಬರ್ರಿ ಅಂತ ಕರ್ಯಾಕ. ಮಂದಿ ಏನಂತಾರೋ ಅಂತ ಒಂದು ಐತಾರ ಸುಮ್ಮನಾದ್ರ, ಮುಂದಿನ ಐತಾರಕ್ಕೂ ಒಂದು ನೆವ ಸಿಗತೈತಿ.”

“ನಿನಗ ಗಂಟಿನ ಹೆಚ್ಚು, ನಾ ಅಲ್ಲ!” ಎಂದು ಸಲೋಮಿ ಕಾಲು ಅಪ್ಪಳಿಸಿ ಒಳಗೆ ಹೋದಳು.

ಬೆಳಕು ಹರಿಯುವ ಹೊತ್ತಿಗೆ ಅವಳೊಂದು ಕೆಲಸ ಮಾಡಿದಳು. ಚರ್ಚಿನ ಮಗ್ಗುಲಲ್ಲಿ ಎರಡು ಕಲ್ಲುಕಂಬಗಳ ನಡುವೆ ಗಂಟೆ ತೂಗುತ್ತಿತ್ತು. ಏಣಿ ಹಚ್ಚಿ ಹತ್ತಿ, ತಾನು ಉಡುತ್ತಿದ್ದ ಹಳೆಯ ಹಸಿರು ಪರಕಾರವನ್ನು ಗಂಟೆಯ ನಾಲಗೆಗೆ ಬಿಗಿಯಾಗಿ ಸುತ್ತಿ ಗಂಟು ಹಾಕಿದಳು.

ಹೊತ್ತಾದಾಗ ಅಪ್ಪ ಬಂದು ಹಗ್ಗ ಎಳೆದ.

ದಬ್.

ಮತ್ತೆ ಎಳೆದ. ದಬ್.

ಅಪ್ಪ ತಲೆ ಎತ್ತಿ ನೋಡಿದ. ಹಸಿರು ಬಟ್ಟೆಯ ಅಂಚು ಕಾಣುತ್ತಿತ್ತು. ಆಮೇಲೆ ಸಲೋಮಿಯತ್ತ ನೋಡಿದ. ಅವಳು ಒಂದು ಹೆಜ್ಜೆ ಹಿಂದೆ ಸರಿದಳು. ಇನ್ನೇನು ಪೆಟ್ಟು ಬಿತ್ತು ಎಂದುಕೊಂಡಳು.

ಅಪ್ಪ ಹಗ್ಗ ಕೈಬಿಟ್ಟ. “ಇರಲಿ. ದಾರಿ ಗೊತ್ತಿದ್ದವರು ಬರತಾರ” ಎಂದವನೇ ಒಳಗೆ ನಡೆದ.

ಅಂದು ಬಂದವರು ಬೆರಳೆಣಿಕೆಯ ಮಂದಿ. ಊರೆಲ್ಲ ಸುಮ್ಮನಿತ್ತು. ಸಭೆಯ ಹಿರಿಯ ಶಾಂತಯ್ಯ ಬಾಗಿಲ ಕಡೆಗೇ ಮತ್ತೆ ಮತ್ತೆ ನೋಡುತ್ತಿದ್ದ. ಹಿಂದಿನ ಬೆಂಚಿನಲ್ಲಿ ಒಬ್ಬ ಪೊಲೀಸ, ಟೊಪ್ಪಿಗೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಅಪ್ಪನ ಮಾತು ಕೇಳಿಕೊಂಡು ಹೋಗಲೆಂದೇ ಫೌಜದಾರರು ಅವನನ್ನು ಕಳಿಸಿದ್ದರು.

ಹಾಡು ಮುಗಿಯಿತು. ಅಪ್ಪ ಕಣ್ಣು ಮುಚ್ಚಿದ. ಅವನದು ದೊಡ್ಡ ಗಂಟಲು.

“ದೇವರೇ, ಕ್ಯಾಂಪಿನಲ್ಲಿರುವ ನಮ್ಮ ಪಾದ್ರಿಯವರನ್ನು ಕಾಪಾಡು. ಅರಸರಿಗೆ ನ್ಯಾಯದ ಬುದ್ಧಿ ಕೊಡು.”

ಅಪ್ಪ ಒಂದು ಗಳಿಗೆ ತಡೆದ. ಶಾಂತಯ್ಯ ಕೆಮ್ಮಿದ.

“ಜೇಲಿನಲ್ಲಿರುವ ನಮ್ಮ ಊರಿನ ಮಕ್ಕಳನ್ನು ಕಾಪಾಡು. ನಮ್ಮ ಓಣಿಯ ಗೋದಾಬಾಯಿಯವರ ಮಗ ರಮಾಕಾಂತನನ್ನು ಕಾಪಾಡು. ಅವನನ್ನು ಕಾಯುವ ಪೊಲೀಸರನ್ನೂ ಕಾಪಾಡು.”

ಸಲೋಮಿ ಕಣ್ಣು ತೆರೆದು ಹಿಂದಕ್ಕೆ ನೋಡಿದಳು. ಪೊಲೀಸ ಕೂಡ ತಲೆ ತಗ್ಗಿಸಿದ್ದ.

ಆದರೂ ಆರಾಧನೆ ಮುಗಿದದ್ದೇ ಅವನು ಅಪ್ಪನ ಹತ್ತಿರ ಬಂದ. “ಏನ್ ಮಾಡ್ಲಿರಿ ಅಯ್ಯನವರ, ಹುಕುಂ ಐತಿ. ಹೆಸರು ತಗದ್ರ ಕರಕೊಂಡು ಬಾ ಅಂದಾರ.”

ಅಪ್ಪ ಕೋಟು ತೊಟ್ಟುಕೊಂಡು ಅವನ ಹಿಂದೆ ಹೊರಟ.

ಮಧ್ಯಾಹ್ನವಾಯಿತು, ಅಪ್ಪ ಬರಲಿಲ್ಲ. ಅವ್ವ ಒಲೆ ಹಚ್ಚಲಿಲ್ಲ. ಬಿಸಿಲು ಇಳಿಯುವ ಹೊತ್ತಿಗೆ ಬಾಗಿಲಲ್ಲಿ ಯಾರೋ ಬಂದರು. ಗೋದಾಬಾಯಿ! ಅವಳ ಸೀರೆಯ ಹಿಂದೆ ಸುಹಾಸಿನಿ.

ಚರ್ಚಿನ ಹಿತ್ತಲಿಗೆ ಹತ್ತಿಕೊಂಡೇ ಅವರ ಮನೆ. ಆದರೂ ಗೋದಾಬಾಯಿ ಈ ಮನೆಯ ಕಡೆ ಒಮ್ಮೆಯೂ ಬಂದವಳಲ್ಲ.

“ಊರು ಸುಮ್ಮನಿತ್ತಲ್ಲರೀ, ನಿಮ್ಮನಿಯವರ ದನಿ ನಮ್ಮ ಅಡಗಿ ಮನ್ಯಾಗ ಕೇಳಿಸ್ತು” ಎಂದಳು ಅವ್ವನಿಗೆ. “ರಮಾಕಾಂತನ್ನ ಒಯ್ದಾಗಿಂದ ನಮ್ಮ ಬಳಗದವ್ರೂ ಅವನ ಹೆಸರು ಪಿಸು ಪಿಸು ಅಂತ ಹೇಳ್ತಾರ. ಇವತ್ತ ಒಬ್ಬರು ದೊಡ್ಡ ದನಿಲೆ ಹೇಳಿದ್ರು.”

“ಒಳಗ ಬರ್ರಿ” ಎಂದಳು ಅವ್ವ.

ಗೋದಾಬಾಯಿ ಹೊಸ್ತಿಲನ್ನು ನೋಡುತ್ತ ನಿಂತಳು. ಆಮೇಲೆ ಹೊರಗಿನ ಕಟ್ಟೆಯ ಮೇಲೆ ಕೂತಳು. “ಅವರು ಬರೂತನಕಾ ನಿಮ್ಮ ಜೋಡಿ ಇಲ್ಲೇ ಕೂಡ್ತೀನ್ರಿ. ದಾರಿ ನೋಡೂದು ನನಗ ರೂಢಿ ಆಗೇದ.”

ಅವ್ವನೂ ಬಂದು ಅವಳ ಪಕ್ಕದಲ್ಲಿ ಕೂತಳು.

ಸುಹಾಸಿನಿ ಮೆಲ್ಲಗೆ ಕೇಳಿದಳು: “ಗಂಟಿ ಬಾರಿಸಲೇ ಇಲ್ಲಲ್ಲ ನೀವು?”

“ನಾನ ಅದಕ್ಕ ಅರಬಿ ಕಟ್ಟಿದ್ದೆ.”

“ಅಯ್ಯ! ನಿಮ್ಮಪ್ಪಗ ಗೊತ್ತಾತು?”

“ಹೂಂ.”

“ಬೈದ್ರ?”

“ಇಲ್ಲ. ಬೈದಿದ್ರ ಛಲೋ ಇತ್ತು” ಎನ್ನುವಷ್ಟರಲ್ಲಿ ಸಲೋಮಿಗೆ ಅಳು ಒತ್ತರಿಸಿ ಬಂತು. “ನಾ ಗಂಟಿ ಸುಮ್ಮನ ಮಾಡಿದೆ. ಅಪ್ಪ ನಿಮ್ಮಣ್ಣನ ಹೆಸರು ಹೇಳಿದ.”

ಸುಹಾಸಿನಿ ಗೆಳತಿಯ ಕೈ ಹಿಡಿದು ಗಂಟೆಯ ಕಡೆಗೆ ಎಳೆದಳು. ಅವಳು ಏಣಿ ಗಟ್ಟಿಯಾಗಿ ಹಿಡಿದುಕೊಂಡಳು, ಸಲೋಮಿ ಹತ್ತಿದಳು. ಗಂಟು ಬಿಗಿದುಕೊಂಡಿತ್ತು, ಹಲ್ಲಿನಿಂದ ಕಚ್ಚಿ ಬಿಚ್ಚಬೇಕಾಯಿತು.

ದೀಪ ಹಚ್ಚುವ ಹೊತ್ತಿಗೆ ಅಪ್ಪ ಬಂದ. ಮುಖ ಬಾಡಿತ್ತು. ಗೋದಾಬಾಯಿ ಎದ್ದು ಕೈ ಮುಗಿದಳು. ಅಪ್ಪನೂ ಕೈ ಮುಗಿದ.

ಅವರು ಹೋದ ಮೇಲೆ ಸಲೋಮಿ ಕೇಳಿದಳು: “ಏನಂದ್ರಪ್ಪಾ?”

“ಇಡೀ ದಿನ ಕೂಡಿಸಿ ಬೈದ್ರು. ಇನ್ನ ಹೆಸರು ಹೇಳಿದ್ರ ಚರ್ಚಿಗೆ ಕೀಲಿ ಹಾಕತೇವಿ ಅಂದ್ರು.”

“ನೀ ಏನಂದಿ?”

“ಕೀಲಿ ಹಾಕಿದ್ರ ಹೊರಗ ನಿಂತು ಪ್ರಾರ್ಥನಿ ಮಾಡತೇವ್ರಿ ಅಂದೆ.” ಅಪ್ಪ ನಕ್ಕ. ಆದರೆ ಆಮೇಲೆ ಅವನು ಬಾಗಿಲ ಅಗುಳಿ ಹಾಕಿ, ಅದನ್ನು ಮತ್ತೆ ಮತ್ತೆ ಎಳೆದು ನೋಡಿದ್ದು ಸಲೋಮಿಗೆ ಕಂಡಿತು. ಅಪ್ಪನಿಗೂ ಅಂಜಿಕೆ ಆಗುತ್ತದೆಂದು ಅವಳಿಗೆ ಅಲ್ಲಿಯವರೆಗೆ ತಿಳಿದೇ ಇರಲಿಲ್ಲ.

ಮುಂದಿನ ಶನಿವಾರ ಸಾಲಿ ಬಿಟ್ಟಾಗ ಸುಹಾಸಿನಿ ಅವಳನ್ನು ಬೇವಿನ ಗಿಡದ ಮರೆಗೆ ಕರೆದೊಯ್ದಳು.

“ಮ್ಯಾಲಿನ ಓಣಿ ಲಕ್ಷ್ಮೀಬಾಯಿ ನಮ್ಮವ್ವನ ಕಡೆ ಬಂದಿದ್ಲು. ಅವರ ಮಗನೂ ಜೇಲಿನಾಗ ಇದ್ದಾನ. ನಾಳೆ ನಿಮ್ಮಪ್ಪ ಅವನ ಹೆಸರೂ ಹೇಳ್ತಾರೇನಂತ ಕೇಳ್ಯಾಳ. ಬಿಂದುಮಾಧವ ಅಂತ. ಮರೀಬ್ಯಾಡ.”

“ಮರಿಯಂಗಿಲ್ಲ” ಎಂದಳು ಸಲೋಮಿ.

ದಾರಿಯುದ್ದಕ್ಕೂ ಬಾಯಿಪಾಠ ಮಾಡುತ್ತ ನಡೆದಳು. “ಬಿಂದುಮಾಧವ, ಬಿಂದುಮಾಧವ...”

ಪೊಲೀಸ ಚೌಕಿ ಬಂತು. ಬಾಗಿಲಲ್ಲಿ ಫೌಜದಾರರು ನಿಂತಿದ್ದರು. ಸಲೋಮಿಯ ದನಿ ತಾನಾಗಿಯೇ ಅಡಗಿತು, ಹೆಜ್ಜೆ ಸಣ್ಣದಾಯಿತು.

ಪ್ರಾರ್ಥನೆಯ ನಡುವೆ ಅಪ್ಪ ಒಂದು ಗಳಿಗೆ ತಡೆದದ್ದು ಯಾಕೆಂದು ಅವಳಿಗೆ ಈಗ ಗೊತ್ತಾಯಿತು.

ಅವಳು ಪಾಟಿಚೀಲ ಹೆಗಲಿಗೇರಿಸಿ, ಮೊದಲಿನಷ್ಟೇ ದೊಡ್ಡ ದನಿಯಲ್ಲಿ ಮತ್ತೆ ಹೇಳತೊಡಗಿದಳು.